ಆಕಾಶದಲ್ಲೂ ಒಂದು ಚೆನಾಬ್ ಹರಿಯುತ್ತಿದೆ

ಹೋದ ತಿಂಗಳ ಅಂಕಣದಲ್ಲಿ ಒಂದು ಮಾತು ಬರೆದಿದ್ದೆ. ನಮ್ಮ ಆಕಾಶಗಂಗೆಯ ಹೊರವಲಯದಲ್ಲಿ ನಕ್ಷತ್ರಗಳ ಹೊಳೆಗಳಿವೆ, ಅವುಗಳಲ್ಲಿ ಒಂದರ ಹೆಸರು ಚೆನಾಬ್ ಅಂತ. ಅಷ್ಟಕ್ಕೇ ನಿಲ್ಲಿಸಿದ್ದೆ. ಮುಂದೇನು ಅಂತ ಕೇಳಿ ತುಂಬಾ ಪತ್ರಗಳು ಬಂದಿವೆ, ಹಾಗಾಗಿ ಈ ಸಲದ ಜಾಗವೆಲ್ಲ ಅದಕ್ಕೇ.

ಪ್ರಶ್ನೆ: ಚೆನಾಬ್ ನಮ್ಮ ಹಿಮಾಲಯದ ನದಿ ಅಲ್ವಾ ಸರ್? ನಕ್ಷತ್ರಗಳು ನದಿಯ ಹಾಗೆ ಹರಿಯುವುದು ಅಂದರೆ ಏನು?
– ಓದುಗರು, ಶಿರಸಿ

ಉತ್ತರ: ಅದೇ ಚೆನಾಬ್. ಡಾರ್ಕ್ ಎನರ್ಜಿ ಸರ್ವೆ ಎಂಬ ಸಮೀಕ್ಷೆಯವರು ಚಿಲಿ ದೇಶದ ಸೆರ್ರೊ ಟೊಲೊಲೊ ಬೆಟ್ಟದ ಮೇಲಿರುವ 4 ಮೀಟರ್ ದೂರದರ್ಶಕದಿಂದ ತೆಗೆದ ಚಿತ್ರಗಳಲ್ಲಿ 11 ಹೊಸ ಹೊಳೆಗಳನ್ನು ಕಂಡುಹಿಡಿದು 2018ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ನಾಲ್ಕಕ್ಕೆ ಸಿಂಧೂ, ಝೇಲಂ, ರಾವಿ, ಚೆನಾಬ್ ಅಂತ ನಮ್ಮ ಕಡೆಯ ನದಿಗಳ ಹೆಸರನ್ನೇ ಇಟ್ಟರು.

ನಮ್ಮ ಗೆಲಾಕ್ಸಿಯ ನಕ್ಷತ್ರಗಳಲ್ಲಿ ಹೆಚ್ಚಿನವು ದೋಸೆಯಂತೆ ಚಪ್ಪಟೆಯಾದ ಒಂದು ತಟ್ಟೆಯಲ್ಲಿವೆ. ಸೂರ್ಯನೂ ಅಲ್ಲೇ ಇದ್ದಾನೆ. ಆ ತಟ್ಟೆಯ ಮೇಲೆ, ಕೆಳಗೆ, ಸುತ್ತಲೂ ಹಳೇ ನಕ್ಷತ್ರಗಳು ಬಹಳ ವಿರಳವಾಗಿ ಹರಡಿಕೊಂಡಿವೆ. ಇದನ್ನು ಪ್ರಭಾವಳಿ ಅಂತ ಕರೆಯೋಣ. ಈ ಪ್ರಭಾವಳಿಯೊಳಗೆ ಆಗಾಗ ಒಂದೊಂದು ಪುಟ್ಟ ಗೆಲಾಕ್ಸಿ ಸಿಕ್ಕಿಬೀಳುತ್ತದೆ. ಅದರ ಹತ್ತಿರದ ಬದಿಯನ್ನು ಆಕಾಶಗಂಗೆ ಜಾಸ್ತಿ ಎಳೆಯುತ್ತದೆ, ದೂರದ ಬದಿಯನ್ನು ಕಡಿಮೆ. ಈ ಎಳೆದಾಟದಲ್ಲಿ ಪುಟ್ಟ ಗೆಲಾಕ್ಸಿ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಮೆಕ್ಕೆಜೋಳ ತುಂಬಿದ ಲಾರಿಯಲ್ಲಿ ಒಂದು ಚೀಲ ಹರಿದಿದ್ದರೆ ರಸ್ತೆಯುದ್ದಕ್ಕೂ ಕಾಳು ಬಿದ್ದಿರುತ್ತದಲ್ಲ, ಆ ಸಾಲು ನೋಡಿದರೆ ಲಾರಿ ಯಾವ ದಾರಿಯಲ್ಲಿ ಹೋಯಿತು ಅಂತ ಗೊತ್ತಾಗುತ್ತದೆ. ಇಲ್ಲೂ ಹಾಗೆಯೇ, ಆದರೆ ಒಂದು ವ್ಯತ್ಯಾಸ ಇದೆ. ಲಾರಿಯ ಕಾಳು ಹಿಂದೆ ಮಾತ್ರ ಬೀಳುತ್ತದೆ. ಇಲ್ಲಿ ಒಳಬದಿಯಿಂದ ಕಳಚಿಕೊಂಡ ನಕ್ಷತ್ರಗಳು ಒಳಸುತ್ತಿನ ಓಟಗಾರರಂತೆ ಮುಂದೆ ಹೋಗಿಬಿಡುತ್ತವೆ, ಹೊರಬದಿಯಿಂದ ಕಳಚಿಕೊಂಡವು ಹಿಂದೆ ಬೀಳುತ್ತವೆ. ಹಾಗಾಗಿ ಎರಡು ಬಾಲ. ಕೋಟ್ಯಂತರ ವರ್ಷ ಕಳೆದ ಮೇಲೆ ತಾಯಿ ಗೆಲಾಕ್ಸಿಯೇ ಕರಗಿಹೋಗಿ ಬರೀ ಬಾಲ ಉಳಿಯುವುದೂ ಉಂಟು.

ಪ್ರಶ್ನೆ: ಆಕಾಶದ ಚಿತ್ರದಲ್ಲಿ ಎಲ್ಲ ನಕ್ಷತ್ರಗಳೂ ಚುಕ್ಕಿಗಳೇ. ಯಾವುದು ಹತ್ತಿರ, ಯಾವುದು ದೂರ, ಯಾವುದು ಹೊಳೆಗೆ ಸೇರಿದ್ದು ಅಂತ ಹೇಗೆ ಹೇಳುತ್ತಾರೆ? ನನ್ನ ವಿದ್ಯಾರ್ಥಿಗಳು ಕೇಳಿದಾಗ ನನ್ನ ಬಳಿ ಉತ್ತರ ಇರಲಿಲ್ಲ.
– ಪ್ರೌಢಶಾಲಾ ಶಿಕ್ಷಕಿ, ಹಾಸನ ಜಿಲ್ಲೆ

ಉತ್ತರ: ನಿಮ್ಮ ವಿದ್ಯಾರ್ಥಿಗಳು ಸರಿಯಾದ ಜಾಗದಲ್ಲೇ ಕೈ ಇಟ್ಟಿದ್ದಾರೆ. ಇಡೀ ವಿಷಯ ನಿಂತಿರುವುದು ದೂರದ ಮೇಲೆ.

ರಾತ್ರಿ ಘಟ್ಟದ ತುದಿಯಲ್ಲಿ ನಿಂತು ಕೆಳಗಿನ ದೀಪಗಳನ್ನು ನೋಡಿ. ಮಂಕಾಗಿ ಕಾಣುವ ಒಂದು ದೀಪ ಹತ್ತಿರದ ಮನೆಯ ಜೀರೋ ಬಲ್ಬೂ ಇರಬಹುದು, ದೂರದ ಊರಿನ ಆಟದ ಮೈದಾನದ ದೊಡ್ಡ ದೀಪವೂ ಇರಬಹುದು. ಬರೀ ನೋಡಿ ಹೇಳಲು ಆಗುವುದಿಲ್ಲ. ಆದರೆ ಆ ಕಣಿವೆಯ ಎಲ್ಲ ಪಂಪ್‌ಹೌಸ್‌ಗಳ ಮುಂದೆಯೂ 9 ವ್ಯಾಟ್‌ನ ಒಂದೇ ತರದ ಬಲ್ಬ್ ಇದ್ದು, ಅದು ಪಂಪ್‌ಹೌಸ್ ಬಲ್ಬ್ ಅಂತ ಗುರುತಿಸುವ ಉಪಾಯವೂ ಒಂದಿದ್ದರೆ? ಆಗ ಎಷ್ಟು ಮಂಕಾಗಿದೆ ಅನ್ನುವುದರಿಂದಲೇ ಎಷ್ಟು ದೂರ ಅಂತ ಹೇಳಬಹುದು. ಹೊಳಪು ನಾಲ್ಕನೇ ಒಂದು ಭಾಗ ಆದರೆ ದೂರ ಎರಡು ಪಟ್ಟು.

ಪ್ರಭಾವಳಿಯಲ್ಲಿ ಆ ಬಲ್ಬ್‌ನ ಕೆಲಸ ಮಾಡುವುದು ಆರ್‌ಆರ್ ಲೈರೆ ಜಾತಿಯ ನಕ್ಷತ್ರಗಳು. ಇವು ಮಿಡಿಯುವ ನಕ್ಷತ್ರಗಳು. ಕೆಲವೇ ಗಂಟೆಗಳಿಂದ ಒಂದು ದಿನದೊಳಗೆ ಒಂದು ಸಲ ಬೆಳಗಿ ಒಂದು ಸಲ ಮಂಕಾಗುತ್ತವೆ. ಬೆಳಗುವುದು ಬೇಗ, ಮಂಕಾಗುವುದು ನಿಧಾನ, ಗ್ರಾಫ್ ಬಿಡಿಸಿದರೆ ಗರಗಸದ ಹಲ್ಲಿನ ಹಾಗೆ ಕಾಣುತ್ತದೆ. ಅದೇ ಅವುಗಳ ಗುರುತು. ಮತ್ತೆ ಇವೆಲ್ಲವುಗಳ ನಿಜವಾದ ಹೊಳಪು ಹೆಚ್ಚುಕಡಿಮೆ ಒಂದೇ, ಸೂರ್ಯನ 40–50 ಪಟ್ಟು.

ತರಗತಿಯಲ್ಲಿ ಮಾಡಿಸಬಹುದಾದ ಒಂದು ಲೆಕ್ಕ ಕೊಡುತ್ತೇನೆ. ನಕ್ಷತ್ರದ ಹೊಳಪನ್ನು ಕಾಂತಿಮಾನದಲ್ಲಿ ಅಳೆಯುತ್ತಾರೆ. ಅಂಕಿ ದೊಡ್ಡದಾದಷ್ಟು ಮಂಕು. ಬರಿಗಣ್ಣಿಗೆ ಕಾಣುವ ಮಿತಿ ಸುಮಾರು 6. ಅಂಕಿ 5 ಹೆಚ್ಚಾದರೆ ಹೊಳಪು 100 ಪಟ್ಟು ಕಡಿಮೆ ಅಂತ ಅರ್ಥ, ಅಂದರೆ ದೂರ 10 ಪಟ್ಟು ಜಾಸ್ತಿ. ಈಗ ಒಂದು ಆರ್‌ಆರ್ ಲೈರೆ ನಕ್ಷತ್ರವನ್ನು 32.6 ಜ್ಯೋತಿರ್ವರ್ಷ ದೂರದಲ್ಲಿ ಇಟ್ಟರೆ ಅದರ ಕಾಂತಿಮಾನ ಸುಮಾರು 0.6 ಇರುತ್ತದೆ. 326 ಜ್ಯೋತಿರ್ವರ್ಷಕ್ಕೆ ಒಯ್ದರೆ 5.6. 3,260ಕ್ಕೆ 10.6. 32,600ಕ್ಕೆ 15.6. 3,26,000ಕ್ಕೆ 20.6. ಚಿತ್ರದಲ್ಲಿ 15.6 ಅಂತ ಕಂಡರೆ 32,600 ಜ್ಯೋತಿರ್ವರ್ಷ, ಅಷ್ಟೇ. ನಡುವಿನ ಧೂಳು ಎಷ್ಟು ಬೆಳಕು ನುಂಗಿದೆ, ಆ ನಕ್ಷತ್ರದಲ್ಲಿ ಕಬ್ಬಿಣದಂಥ ಲೋಹಗಳು ಎಷ್ಟಿವೆ ಅಂತ ನೋಡಿ ಸ್ವಲ್ಪ ತಿದ್ದಬೇಕಾಗುತ್ತದೆ, ನಿಜ. ಆದರೂ ಹವಾಯಿಯ ಪ್ಯಾನ್‌ಸ್ಟಾರ್ಸ್ ಸಮೀಕ್ಷೆಯ ಸುಮಾರು 45,000 ಇಂಥ ನಕ್ಷತ್ರಗಳ ದೂರವನ್ನು 2017ರ ಹೊತ್ತಿಗೆ ನೂರಕ್ಕೆ 3ರಷ್ಟು ತಪ್ಪಿನೊಳಗೆ ಲೆಕ್ಕ ಹಾಕಿದ್ದರು. ಲಕ್ಷಗಟ್ಟಲೆ ಜ್ಯೋತಿರ್ವರ್ಷಗಳಾಚೆಗಿನ ಮಾತು ಇದು! ನನಗೆ ಇದು ಈಗಲೂ ಮೈ ಜುಮ್ಮೆನ್ನಿಸುವ ವಿಷಯ.

ಇನ್ನೊಂದು ಅನುಕೂಲವೂ ಇದೆ. ಇವು 1000 ಕೋಟಿ ವರ್ಷಕ್ಕಿಂತ ಹಳೆಯ ನಕ್ಷತ್ರಗಳು. ತಟ್ಟೆಯಲ್ಲಿ ನಿನ್ನೆ ಮೊನ್ನೆ ಹುಟ್ಟಿದ ನಕ್ಷತ್ರಗಳ ಗುಂಪಿನೊಳಗೆ ಇವು ಬೆರೆತುಹೋಗುವುದಿಲ್ಲ. ಪುಟ್ಟ ಗೆಲಾಕ್ಸಿಗಳಲ್ಲೋ ಇವು ಇದ್ದೇ ಇರುತ್ತವೆ. ವೆನೆಜುವೆಲಾದಲ್ಲಿ 1 ಮೀಟರ್ ದೂರದರ್ಶಕ ಇಟ್ಟುಕೊಂಡು ಹುಡುಕಿದವರು 2001ರಲ್ಲಿ ಬರೀ 148 ಆರ್‌ಆರ್ ಲೈರೆಗಳ ಪಟ್ಟಿ ಹಿಡಿದು, ಸುಮಾರು 1.6 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿ ಅವು ಗುಂಪಾಗಿ ಸೇರಿರುವುದನ್ನು ತೋರಿಸಿದರು. ಅದು ಧನು ರಾಶಿಯ ಕುಬ್ಜ ಗೆಲಾಕ್ಸಿಯಿಂದ ಹರಿದುಬಂದ ಹೊಳೆಯ ಒಂದು ತುಂಡು. ಆ ಕುಬ್ಜ ಗೆಲಾಕ್ಸಿಯೇ ಸಿಕ್ಕಿದ್ದು 1994ರಲ್ಲಿ. ಅದರ ಹೊಳೆ ನಮ್ಮ ಆಕಾಶಗಂಗೆಯನ್ನು ಪೂರ್ತಿ ಸುತ್ತುಹಾಕಿದೆ ಅಂತ ಈಗ ಗೊತ್ತಿದೆ. 2022ರಲ್ಲಿ ಬಂದ ಗಾಯಾ ಉಪಗ್ರಹದ ಪಟ್ಟಿಯಲ್ಲಿ ಇಂಥ ನಕ್ಷತ್ರಗಳು ಸುಮಾರು 2.7 ಲಕ್ಷ ಇವೆ.

ಪ್ರಶ್ನೆ: ಒಂದು ನಕ್ಷತ್ರ ಯಾಕೆ ಮಿಡಿಯುತ್ತದೆ?
– ಪಿಯುಸಿ ವಿದ್ಯಾರ್ಥಿ, ಧಾರವಾಡ

ಉತ್ತರ: ಒಲೆಯ ಮೇಲೆ ಅನ್ನ ಕುದಿಯುವಾಗ ಪಾತ್ರೆಯ ಮುಚ್ಚಳ ಟಕಟಕ ಅನ್ನುತ್ತದಲ್ಲ, ಹೆಚ್ಚುಕಡಿಮೆ ಹಾಗೆ. ಮುಚ್ಚಳ ಕೂತಿರುವಾಗ ಹಬೆ ಒಳಗೇ ಕೂಡುತ್ತದೆ, ಒತ್ತಡ ಏರಿ ಮುಚ್ಚಳವನ್ನು ಎತ್ತುತ್ತದೆ, ಹಬೆ ಹೊರಗೆ ಹೋದ ಕೂಡಲೇ ಮತ್ತೆ ಕೂರುತ್ತದೆ. ಈ ನಕ್ಷತ್ರಗಳಲ್ಲಿ ಮುಚ್ಚಳದ ಕೆಲಸ ಮಾಡುವುದು ಮೇಲ್ಮೈಗಿಂತ ಸ್ವಲ್ಪ ಒಳಗಿರುವ ಹೀಲಿಯಂ. ಪದರ ಅದುಮಿಕೊಂಡಾಗ ಹೀಲಿಯಂ ತನ್ನ ಎಲೆಕ್ಟ್ರಾನ್‌ಗಳನ್ನು ಕಳೆದುಕೊಂಡು ಬೆಳಕನ್ನು ತಡೆಹಿಡಿಯುತ್ತದೆ. ಶಾಖ ಕೂಡಿ ಪದರ ಉಬ್ಬುತ್ತದೆ. ಉಬ್ಬಿದಾಗ ತಣ್ಣಗಾಗಿ, ಹೀಲಿಯಂ ಎಲೆಕ್ಟ್ರಾನ್‌ಗಳನ್ನು ವಾಪಸ್ ಹಿಡಿದುಕೊಂಡು ಪಾರದರ್ಶಕವಾಗುತ್ತದೆ, ಬೆಳಕು ಹೊರಗೆ ಹೋಗುತ್ತದೆ, ಪದರ ಕುಸಿಯುತ್ತದೆ. ಮತ್ತೆ ಅದೇ.

ಪ್ರಶ್ನೆ: ಇಷ್ಟು ಕಷ್ಟಪಟ್ಟು ಹೊಳೆಗಳ ನಕ್ಷೆ ಮಾಡಿ ಏನು ಸಿಗುತ್ತದೆ? ಸುಮ್ನೆ ಕುತೂಹಲಕ್ಕಾ? ಮತ್ತೆ ಚೆನಾಬ್ ಏನಾಯಿತು?
– ಓದುಗರು, ಬಳ್ಳಾರಿ

ಉತ್ತರ: ಕುತೂಹಲಕ್ಕೆ ಅಂದರೂ ನನಗೆ ಸಾಕು. ಆದರೆ ಸಿಕ್ಕಿದ್ದು ಅದಕ್ಕಿಂತ ಜಾಸ್ತಿ, ಚೆನಾಬ್‌ನ ಕತೆಯಲ್ಲೇ ಅದು ಇದೆ.

2006ರಲ್ಲಿ ಉತ್ತರದ ಆಕಾಶದಲ್ಲಿ ಒಂದು ಹೊಳೆ ಸಿಕ್ಕಿತ್ತು. ಅದು ಯಾವ ಗೆಲಾಕ್ಸಿಯಿಂದ ಬಂತು ಅಂತ ಗೊತ್ತಾಗದೆ ಅದಕ್ಕೆ ಆರ್ಫನ್, ಅಂದರೆ ಅನಾಥ ಅಂತ ಹೆಸರಿಟ್ಟರು. ಹನ್ನೆರಡು ವರ್ಷ ಬಿಟ್ಟು ದಕ್ಷಿಣದಲ್ಲಿ ಚೆನಾಬ್ ಸಿಕ್ಕಿತು. ಎರಡೂ ಬೇರೆಬೇರೆ ಅಂತಲೇ ಎಲ್ಲರೂ ತಿಳಿದಿದ್ದರು. ನಡುವೆ ಆಕಾಶಗಂಗೆಯ ತಟ್ಟೆ ಇತ್ತು. ಅಲ್ಲಿ ನಕ್ಷತ್ರಗಳ ದಟ್ಟಣೆ, ಧೂಳು, ಸಾಧಾರಣ ನಕ್ಷತ್ರಗಳನ್ನು ಎಣಿಸಿ ಹೊಳೆ ಹುಡುಕುವುದು ಆಗದ ಕೆಲಸ. 2019ರಲ್ಲಿ ಖಗೋಳ ವಿಜ್ಞಾನಿ ಸೆರ್ಗೆಯ್ ಕೋಪೊಸೊವ್ ಮತ್ತು ಅವರ ಜೊತೆಗಾರರು ಗಾಯಾದ ಆರ್‌ಆರ್ ಲೈರೆಗಳನ್ನು ಮಾತ್ರ ಹೆಕ್ಕಿಕೊಂಡು, ಪ್ರತಿಯೊಂದರ ದೂರವನ್ನೂ ಚಲನೆಯನ್ನೂ ನೋಡುತ್ತಾ ಹೋದರು. ಆರ್ಫನ್‌ನ ಸಾಲು ತಟ್ಟೆಯನ್ನು ದಾಟಿ ದಕ್ಷಿಣಕ್ಕೆ ಬಂದು ನೇರವಾಗಿ ಚೆನಾಬ್‌ಗೆ ಸೇರಿತು. ಒಟ್ಟು 210 ಡಿಗ್ರಿ ಉದ್ದ, ಆಕಾಶದ ಅರ್ಧ ಸುತ್ತಿಗಿಂತ ಜಾಸ್ತಿ. ಎರಡಲ್ಲ, ಒಂದೇ ಹೊಳೆ. ಹಿಮಾಚಲದ ತಾಂಡಿಯಲ್ಲಿ ಚಂದ್ರಾ ಮತ್ತು ಭಾಗಾ ಎಂಬ ಎರಡು ನದಿ ಸೇರಿ ಚಂದ್ರಭಾಗಾ ಆಗುತ್ತದೆ, ಅದೇ ಮುಂದೆ ಚೆನಾಬ್. ಹೆಸರಿಟ್ಟವರ ಮನಸ್ಸಿನಲ್ಲಿ ಇದಿತ್ತು ಅಂತ ನಾನು ಹೇಳುತ್ತಿಲ್ಲ, ಆದರೆ ಓದಿದಾಗ ನನಗೆ ಮೊದಲು ನೆನಪಾಗಿದ್ದು ತಾಂಡಿಯ ಸಂಗಮ.

ನಿಜವಾದ ಅಚ್ಚರಿ ಇನ್ನೂ ಮುಂದಿದೆ. ಹೊಳೆಯ ನಕ್ಷತ್ರಗಳು ಹೊಳೆಯ ಜಾಡಿನಲ್ಲೇ ಓಡಬೇಕು, ಅಲ್ವಾ? ದಕ್ಷಿಣದ ಭಾಗದಲ್ಲಿ ಹಾಗಿರಲಿಲ್ಲ. ಸಾಲು ಒಂದು ಕಡೆ, ನಕ್ಷತ್ರಗಳು ಹೋಗುತ್ತಿರುವ ದಿಕ್ಕು ಸ್ವಲ್ಪ ಬೇರೆ ಕಡೆ. ಯಾವುದೋ ಭಾರವಾದ ವಸ್ತು ಪಕ್ಕದಿಂದ ಎಳೆದಿದೆ. ಅದು ದೊಡ್ಡ ಮೆಗೆಲ್ಲಾನಿಕ್ ಮೋಡ, ನಮ್ಮಿಂದ ಸುಮಾರು 1,60,000 ಜ್ಯೋತಿರ್ವರ್ಷ ದೂರದ ಪಕ್ಕದ ಗೆಲಾಕ್ಸಿ. ಹೊಳೆ ಎಷ್ಟು ಬಾಗಿದೆ ಅಂತ ನೋಡಿ, ಬಾಗಿಸಿದ್ದರ ತೂಕ ಎಷ್ಟು ಅಂತ ಡೆನಿಸ್ ಎರ್ಕಾಲ್ ಮತ್ತು ಜೊತೆಗಾರರು ಅದೇ ವರ್ಷ ಲೆಕ್ಕ ಹಾಕಿದರು. ಸುಮಾರು 13,800 ಕೋಟಿ ಸೂರ್ಯರಷ್ಟು. ಅದರಲ್ಲಿ ಕಾಣುವ ನಕ್ಷತ್ರಗಳೆಲ್ಲ ಸೇರಿದರೂ ಸುಮಾರು 300 ಕೋಟಿ ಸೂರ್ಯರಷ್ಟೇ ತೂಗುತ್ತವೆ. ಉಳಿದದ್ದರಲ್ಲಿ ಬಹುಪಾಲು ಕಣ್ಣಿಗೆ ಬೀಳದ ಕಪ್ಪು ದ್ರವ್ಯ. ಆ ಲೆಕ್ಕ ಸರಿಹೋಗಬೇಕಾದರೆ ನಮ್ಮ ಆಕಾಶಗಂಗೆಯೇ ಆ ಮೋಡದ ಕಡೆಗೆ ಸ್ವಲ್ಪ ಎಳೆಯಲ್ಪಟ್ಟಿದೆ ಅಂತ ಒಪ್ಪಬೇಕಾಯಿತು. ತಕ್ಕಡಿಯಲ್ಲಿ ಇಡಲಾಗದ ವಸ್ತುವನ್ನು ಮಿಡಿಯುವ ಚುಕ್ಕಿಗಳ ಒಂದು ಸಾಲಿನಿಂದ ತೂಗಿದರು. ಬಳ್ಳಾರಿಯವರೇ, ಏನು ಸಿಗುತ್ತದೆ ಅಂತ ಕೇಳಿದಿರಲ್ಲ, ಇದು ಸಿಗುತ್ತದೆ.

ಪ್ರಶ್ನೆ: ತಪ್ಪು ಗುರುತಿಸುವುದಿಲ್ವಾ? ಮಿಡಿಯುವ ನಕ್ಷತ್ರಗಳಲ್ಲಿ ಬೇರೆ ಜಾತಿಗಳೂ ಇರಬೇಕಲ್ಲ.
– ಓದುಗರು, ಉಡುಪಿ

ಉತ್ತರ: ಆಗುತ್ತದೆ. ಒಂದಕ್ಕೊಂದು ಅಂಟಿಕೊಂಡು ಸುತ್ತುವ ಜೋಡಿ ನಕ್ಷತ್ರಗಳೂ ಅರ್ಧ ದಿನಕ್ಕೊಮ್ಮೆ ಬೆಳಗಿ ಮಂಕಾಗುತ್ತವೆ, ಕ್ವೇಸಾರ್‌ಗಳೂ, ಅಂದರೆ ಬಹುದೂರದ ಗೆಲಾಕ್ಸಿಗಳ ಪ್ರಖರ ನಡುಭಾಗಗಳೂ, ಹೊಳಪು ಬದಲಿಸುತ್ತವೆ. ಒಂದೆರಡು ಸಲ ಮಾತ್ರ ಚಿತ್ರ ತೆಗೆದರೆ ಮೋಸಹೋಗುವುದು ಸುಲಭ. ಹತ್ತಾರು ಸಲ ತೆಗೆದು ಗರಗಸದ ಹಲ್ಲು ಮೂಡುತ್ತದಾ ಅಂತ ನೋಡಬೇಕು. ಸಣ್ಣ ನಕ್ಷತ್ರಗುಚ್ಛಗಳಿಂದ ಹುಟ್ಟಿದ ಎಳೆಯಂಥ ಹೊಳೆಗಳಲ್ಲಿ ಆರ್‌ಆರ್ ಲೈರೆಗಳು ಬೆರಳೆಣಿಕೆಯಷ್ಟೂ ಇಲ್ಲದಿರಬಹುದು. ಅಲ್ಲಿ ಈ ಉಪಾಯ ನಡೆಯುವುದಿಲ್ಲ.

ಪ್ರಶ್ನೆ: ನನ್ನ ಹತ್ತಿರ ಒಂದು 10x50 ಬೈನಾಕ್ಯುಲರ್ ಇದೆ. ನಮ್ಮ ಹಳ್ಳಿಯಿಂದ ಇವನ್ನು ನೋಡಬಹುದಾ?
– ಓದುಗರು, ಪಾವಗಡ

ಉತ್ತರ: ಹೊಳೆಯ ನಕ್ಷತ್ರಗಳು ಬೈನಾಕ್ಯುಲರಿಗೆ ನಿಲುಕುವುದಿಲ್ಲ. ಆದರೆ ಈ ಜಾತಿಗೆ ಹೆಸರು ಕೊಟ್ಟ ಆರ್‌ಆರ್ ಲೈರೆ ನಕ್ಷತ್ರವನ್ನು ಖಂಡಿತ ನೋಡಬಹುದು. ಹಾರ್ವರ್ಡ್ ವೀಕ್ಷಣಾಲಯದಲ್ಲಿ ವಿಲಿಯಮಿನಾ ಫ್ಲೆಮಿಂಗ್ ಗಾಜಿನ ಫಲಕಗಳ ಮೇಲಿನ ಚುಕ್ಕಿಗಳನ್ನು ಹೋಲಿಸಿ ಅದು ಮಿಡಿಯುತ್ತದೆ ಅಂತ ಕಂಡುಕೊಂಡರು, 1901ರಲ್ಲಿ ಅದು ಪ್ರಕಟವಾಯಿತು. ಆಕೆ ಮೊದಲು ಆ ವೀಕ್ಷಣಾಲಯದ ನಿರ್ದೇಶಕರ ಮನೆಯಲ್ಲಿ ಕೆಲಸಕ್ಕಿದ್ದವರು.

ಅಕ್ಟೋಬರ್‌ನಲ್ಲಿ ಮಳೆ ಮೋಡ ಸರಿದ ಒಂದು ಸಂಜೆ ಏಳಕ್ಕೆ ಕೂತುಕೊಳ್ಳಿ. ಉತ್ತರಕ್ಕೆ ಮುಖ ಮಾಡಿ ಕತ್ತೆತ್ತಿದರೆ ಅಭಿಜಿತ್ ನಕ್ಷತ್ರ ಬೆಳ್ಳಗೆ ಹೊಳೆಯುತ್ತಿರುತ್ತದೆ. ಅಲ್ಲಿಂದ ಪಕ್ಕದ ಹಂಸ ನಕ್ಷತ್ರಪುಂಜದ ಹತ್ತಿರದ ರೆಕ್ಕೆಯ ನಕ್ಷತ್ರ ಡೆಲ್ಟಾ ಸಿಗ್ನಿಗೆ ಒಂದು ಗೆರೆ ಎಳೆದರೆ, ಮೂರರಲ್ಲಿ ಎರಡು ಪಾಲು ಹೋದ ಮೇಲೆ ಆರ್‌ಆರ್ ಲೈರೆ. ಮೊಬೈಲಿನ ನಕ್ಷತ್ರ ನಕ್ಷೆಯ ಆ್ಯಪ್ ಒಂದು ಜೊತೆಗಿದ್ದರೆ ಚುಕ್ಕಿ ತಪ್ಪುವುದಿಲ್ಲ. ಅದರ ಕಾಂತಿಮಾನ ಸುಮಾರು 7.1ರಿಂದ 8.1ರವರೆಗೆ ಏರಿಳಿಯುತ್ತದೆ. ಪಕ್ಕದ ಎರಡು ನಕ್ಷತ್ರ ಆರಿಸಿಕೊಳ್ಳಿ, ಒಂದು ಅದಕ್ಕಿಂತ ಪ್ರಕಾಶವಾದದ್ದು, ಇನ್ನೊಂದು ಮಂಕಾದದ್ದು. ಅರ್ಧ ಗಂಟೆಗೊಮ್ಮೆ ನೋಡಿ ಇದು ಯಾವುದಕ್ಕೆ ಹತ್ತಿರ ಇದೆ ಅಂತ ಬರೆದುಕೊಳ್ಳಿ. ನಾನು ಮೊದಲ ಸಲ ನೋಡಿದ ರಾತ್ರಿ ಎಂಟೂವರೆಗೆ ಅದು ಪಕ್ಕದ ಮಂಕು ಚುಕ್ಕಿಗೆ ಸಮ ಇತ್ತು. ಹತ್ತೂವರೆಗೆ ಅದನ್ನು ಹಿಂದೆ ಹಾಕಿ ಎದ್ದು ಕಾಣುತ್ತಿತ್ತು. ಬೈನಾಕ್ಯುಲರ್ ಕೆಳಗಿಟ್ಟು, ಕಣ್ಣು ಉಜ್ಜಿ, ಮತ್ತೆ ನೋಡಿದೆ. ಹೌದು, ಬೆಳಗಿತ್ತು.

ಅದರ ಒಂದು ಮಿಡಿತಕ್ಕೆ 13 ಗಂಟೆ 36 ನಿಮಿಷ. ಹಾಗಾಗಿ ಒಂದು ರಾತ್ರಿ ಹತ್ತೂವರೆಗೆ ಪೂರ್ತಿ ಬೆಳಗಿದರೆ ಮಾರನೇ ದಿನ ಮೂರು ಗಂಟೆಗಿಂತ ಸ್ವಲ್ಪ ಹೆಚ್ಚು ತಡ, ಆಗ ಅದು ಮುಳುಗುವ ಹೊತ್ತಾಗಿರುತ್ತದೆ. 30 ಮಿಡಿತಕ್ಕೆ ಸರಿಯಾಗಿ 17 ದಿನ ಆಗುತ್ತದೆ. ಸುಮಾರು 40 ದಿನದ ಇನ್ನೊಂದು ನಿಧಾನ ಏರಿಳಿತವೂ ಇದಕ್ಕಿದೆ, ಅದರಿಂದ ಹೊತ್ತು ಸ್ವಲ್ಪ ಆಚೀಚೆ ಆದೀತು. ನೀವು ಬರೆದುಕೊಂಡ ತಾರೀಖಿಗೆ 17 ಸೇರಿಸಿ, ಆ ರಾತ್ರಿ ಅದೇ ಹೊತ್ತಿಗೆ ಒಂದು ಗಂಟೆ ಮುಂಚೆ ಹೊರಗೆ ಬನ್ನಿ.