ಪ್ರತಿ: ವಿಮರ್ಶೆ ಕರಪತ್ರದಂತಾಗುತ್ತಿದೆ, ಏನು ಮಾಡಲಿ?

ಚಂದ್ರನ ಮೇಲಿನ ವಸಾಹತು ಭೂಮಿಯ ಆಳ್ವಿಕೆಯ ವಿರುದ್ಧ ಬಂಡೇಳುವ ಹೈನ್‌ಲೈನ್‌ನ ಕಾದಂಬರಿ ‘ದ ಮೂನ್ ಈಸ್ ಎ ಹಾರ್ಶ್ ಮಿಸ್ಟ್ರೆಸ್’ (1966) ಕುರಿತ ನಿಮ್ಮ ಲಿಬರ್ಟೇರಿಯನ್ (ವ್ಯಕ್ತಿಸ್ವಾತಂತ್ರ್ಯವೇ ಮೇಲು, ಸರ್ಕಾರ ಆದಷ್ಟು ಕಡಿಮೆ ಇರಲಿ ಎನ್ನುವ) ವಿಮರ್ಶೆ ಕರಪತ್ರದಂತೆ ಕಾಣಲು ಕಾರಣ ಬಹುಶಃ ಇದು: ನೀವು ವಿಮರ್ಶಿಸಿರುವುದು ಬಂಡಾಯದ ನಾಯಕರಲ್ಲೊಬ್ಬನಾದ ಪ್ರೊಫೆಸರನ ಭಾಷಣಗಳನ್ನು, ಕಥೆಯನ್ನಲ್ಲ. ನೀವು ಹಾಕಿರುವ ಎರಡು ಪ್ಯಾರಾ ಮಾತ್ರ ನೋಡಿ ಹೇಳುತ್ತಿದ್ದೇನೆ. ಉಳಿದ ಭಾಗ ಬೇರೆ ರೀತಿ ಇರಬಹುದು.

ಮೊದಲು ‘ಸ್ವಾತಂತ್ರ್ಯ’, ‘ಪ್ರಭುತ್ವ’ ಎಂಬ ಪದಗಳನ್ನೆಲ್ಲ ಹೊಡೆದು ಹಾಕಿ ಓದಿ. ಉಳಿದದ್ದರಲ್ಲಿ ಕಾದಂಬರಿ ಕಾಣದಿದ್ದರೆ ಹೊಸದಾಗಿ ಬರೆಯುವುದೇ ಸುಲಭ. ಬಳಿಕ ಪ್ರತಿ ಘಟನೆಗೂ ಕೇಳಿಕೊಳ್ಳಿ: ನಿರ್ಧಾರ ಯಾರದು, ಬೆಲೆ ತೆರುವವರು ಯಾರು, ಒಲ್ಲೆ ಎನ್ನಲು ದಾರಿ ಇದೆಯೇ? ಚಂದ್ರನ ರೈತರು ತಮ್ಮನ್ನಾಳುವ ಪ್ರಾಧಿಕಾರ ಹೇಳಿದ ಬೆಲೆಗೇ ಧಾನ್ಯ ಮಾರಬೇಕು. ಇದು ನಿಮ್ಮ ವಾದಕ್ಕೆ ಅನುಕೂಲ, ನೀವೂ ಬರೆದಿದ್ದೀರಿ. ಆದರೆ ಬಂಡಾಯಗಾರರೇ ಜನರಿಂದ ಸತ್ಯ ಮುಚ್ಚಿಡುತ್ತಾರೆ. ಅವರ ಜೊತೆಗಿರುವ, ಮೈಕ್ ಎಂಬ ಹೆಸರಿನ ಕಂಪ್ಯೂಟರ್ ಚುನಾವಣೆಯ ಫಲಿತಾಂಶ ತಿರುಚುತ್ತಾನೆ. ವಿಮರ್ಶೆಯ ಜೀವ ಇರುವುದು ಈ ಇಕ್ಕಟ್ಟಿನಲ್ಲೇ. ಅರ್ಧ ಜಾಗ ಇದಕ್ಕೆ ಕೊಡಿ.

ಲೇಖಕ ‘ನಮ್ಮವನು’ ಎಂಬ ಸಾಲು ತೆಗೆಯಿರಿ. ಲಿಬರ್ಟೇರಿಯನ್ ಓದುಗರ ಪ್ರಮೀತಿಯಸ್ ಗೌರವಪಟ್ಟಿಗೆ 1983ರಲ್ಲಿ ಈ ಕೃತಿ ಸೇರಿತು, 1993ರಲ್ಲಿ ಖಾಸಗಿ ಆಸ್ತಿಯೇ ಇಲ್ಲದ ಸಮಾಜವನ್ನು ಚಿತ್ರಿಸಿದ ಲೆ ಗ್ವಿನ್‌ರ ‘ದ ಡಿಸ್ಪೊಸೆಸ್ಡ್’ ಕೂಡ. ಹಾಗಾಗಿ ಆ ಪಟ್ಟಿಯಲ್ಲಿ ಇದ್ದ ಮಾತ್ರಕ್ಕೆ ಲೇಖಕ ‘ನಮ್ಮವನು’ ಆಗುವುದಿಲ್ಲ. ಶೈಲಿಗೆ ಒಂದು ಪ್ಯಾರಾ ಸಾಕು.