ಏರೇಟರ್ ಎಳೆಯುವ ಗಾಡಿಗೆ ಹಾರ್ಸ್‌ಪವರ್ ನೋಡಬೇಡಿ, ಹಿಂದಿನ ಗೇರ್‌ಬಾಕ್ಸ್ ನೋಡಿ

ಒಹಾಯೊದಲ್ಲಿ ಒಂದು ಎಕರೆ ಲಾನ್, ಹಿತ್ತಲು ಪೂರ್ತಿ ಇಳಿಜಾರು, 48 ಇಂಚಿನ ಪ್ಲಗ್ ಏರೇಟರ್ (ಟೊಳ್ಳು ಕೊಳವೆಗಳಿಂದ ನೆಲ ಚುಚ್ಚಿ, ಪ್ಲಗ್ ಎಂಬ ಮಣ್ಣಿನ ತುಂಡು ಕಿತ್ತು ತೂತು ಮಾಡುವ ಉಪಕರಣ) ಕೊಂಡಾಗಿದೆ, ಮನೆಯ 22 ಹಾರ್ಸ್‌ಪವರ್ ಲಾನ್ ಟ್ರ್ಯಾಕ್ಟರ್‌ಗೆ ಹೇಗೂ ಹಿಂದೆ ಹಿಚ್ (ಎಳೆಯುವ ಕೊಂಡಿ) ಇದೆ, ಶನಿವಾರ ಏರೇಟರ್ ಮೇಲೆ ಭಾರಕ್ಕೆ ನಾಲ್ಕು ಕಾಂಕ್ರೀಟ್ ಬ್ಲಾಕ್ ಹೇರಿ ಎಳೆಸುತ್ತೇನೆ ಎಂದು ಬರೆದಿದ್ದೀರಿ. ದಯವಿಟ್ಟು ಶನಿವಾರದ ಕೆಲಸ ನಿಲ್ಲಿಸಿ. ಆರು ವರ್ಷದ ಹಿಂದೆ ನಾನು ಮಾಡಿದ್ದೂ ಇದನ್ನೇ. ಬ್ಲಾಕ್‌ಗಳ ಲೆಕ್ಕ ಕೂಡ ನಾಲ್ಕೇ.

ಮುಂದಿನ ಅಂಗಳ ಸಮತಟ್ಟು, ಅರ್ಧ ಗಂಟೆ ಏನೂ ತೊಂದರೆ ಇರಲಿಲ್ಲ. ಹಿತ್ತಲಿನ ಏರಿನಲ್ಲಿ ಮೂರನೆಯ ಸಾಲಿಗೆ ಗಾಡಿ ನಿಧಾನವಾಯಿತು. ಪೆಡಲ್ ತಳದವರೆಗೆ ಒತ್ತಿದ್ದೇನೆ, ಎಂಜಿನ್ ಅಬ್ಬರಿಸುತ್ತಿದೆ, ಚಕ್ರ ಮಾತ್ರ ತೆವಳುತ್ತಿದೆ. ಬೆಲ್ಟ್ ಜಾರುತ್ತಿರಬೇಕು ಎಂದುಕೊಂಡು ಇಪ್ಪತ್ತು ನಿಮಿಷ ನೆರಳಿನಲ್ಲಿ ನಿಲ್ಲಿಸಿದೆ. ಮತ್ತೆ ಎಳೆಯಿತು. ಅಲ್ಲಿಗೇ ಬಿಟ್ಟಿದ್ದರೆ ಗಾಡಿ ಉಳಿಯುತ್ತಿತ್ತು. ಸರಿಹೋಯಿತೆಂದು ನಂಬಿ ಸಂಜೆಯವರೆಗೆ ಎಳೆಸಿದೆ. ಮರುದಿನದಿಂದ ಏರೇಟರ್ ಕಳಚಿದರೂ ಅದು ಆ ಏರನ್ನು ಹತ್ತಲಿಲ್ಲ. ಬಿಸಿಗೆ ಎಣ್ಣೆ ನೀರಿನಂತೆ ತೆಳುವಾಗಿ, ಹಿಂದಿನ ಗೇರ್‌ಬಾಕ್ಸಿನಲ್ಲಿ ಎಣ್ಣೆಯ ಒತ್ತಡದಿಂದ ಚಕ್ರ ತಿರುಗಿಸುವ ಹೈಡ್ರೋಸ್ಟಾಟಿಕ್ ಪಂಪು ಒಳಗೇ ಸವೆದಿತ್ತು. ಎಣ್ಣೆ ಬದಲಿಸುವ ಬಿರಡೆಯೂ ಇಲ್ಲದ, ಮುಚ್ಚಿದ ಪೆಟ್ಟಿಗೆ ಅದು. ರಿಪೇರಿಗೆ ಹೇಳಿದ ಬೆಲೆ ಹೊಸ ಗಾಡಿಯ ಅರ್ಧಕ್ಕಿಂತ ಹೆಚ್ಚಿತ್ತು.

ಹಿಚ್ ಇದ್ದ ಮಾತ್ರಕ್ಕೆ ಗಾಡಿ ಎಲ್ಲವನ್ನೂ ಎಳೆಯುತ್ತದೆ ಎಂದಲ್ಲ. ಎಲೆ ತುಂಬಿದ ಟ್ರೇಲರ್ ಚಕ್ರದ ಮೇಲೆ ಉರುಳುತ್ತದೆ. ಏರೇಟರ್ ಹೆಜ್ಜೆಹೆಜ್ಜೆಗೂ ನೆಲ ಕಚ್ಚಿ, ಮಣ್ಣು ಕಿತ್ತು ಮೇಲೇಳುತ್ತದೆ. ಗಾಡಿಗೆ ಒಂದು ಕ್ಷಣವೂ ಬಿಡುವಿಲ್ಲ. ಊರಿನಲ್ಲಿ ಕೊಂಬು ನೋಡಿ ಯಾರೂ ಎತ್ತು ಕೊಳ್ಳುತ್ತಿರಲಿಲ್ಲ, ಕಾಲು, ಗೊರಸು, ಹೆಗಲು ನೋಡುತ್ತಿದ್ದರು. ಬಾನೆಟ್ ಮೇಲೆ ಬರೆದ ಹಾರ್ಸ್‌ಪವರ್ ಕೂಡ ಕೊಂಬಿನಂತೆಯೇ. ಕೈಪಿಡಿಯಲ್ಲಿ ಎಳೆಯುವ ತೂಕದ ಮಿತಿ ಒಂದು ಕಡೆ ಇರುತ್ತದೆ, ನೆಲ ಅಗೆಯುವ ಉಪಕರಣ ಕಟ್ಟಬಹುದೇ ಎಂಬುದು ಬೇರೆ ಕಡೆ ಇರುತ್ತದೆ. ಎರಡನೆಯದನ್ನು ಹುಡುಕಿ ಓದಿ. ಅಗ್ಗದ ಲಾನ್ ಟ್ರ್ಯಾಕ್ಟರ್‌ಗಳಲ್ಲಿ ಹೆಚ್ಚಿನವು ಹುಲ್ಲು ಕತ್ತರಿಸಲಿಕ್ಕೆಂದೇ ಮಾಡಿದವು. ಗಾರ್ಡನ್ ಟ್ರ್ಯಾಕ್ಟರ್ ಎಂಬುದೇ ಬೇರೆ ಜಾತಿ. ಜಾನ್ ಡಿಯರ್ 318 ನೋಡಿ, 1983ರಿಂದ 1992ರವರೆಗೆ ತಯಾರಾದದ್ದು, ಬರೀ 18 ಹಾರ್ಸ್‌ಪವರ್. ನಿಮ್ಮದಕ್ಕಿಂತ ನಾಲ್ಕು ಕಡಿಮೆ, ಆದರೂ ನೇಗಿಲು ಎಳೆಯುತ್ತದೆ. ನಾನು ಈಗ ಇಟ್ಟುಕೊಂಡಿರುವುದು ಎಂಟು ಗೇರಿನ ಹಳೆಯ ವೀಲ್ ಹಾರ್ಸ್ ಕಂಪನಿಯ ಗಾರ್ಡನ್ ಟ್ರ್ಯಾಕ್ಟರ್. ಬಿಸಿಯಾಗುವ ಪಂಪಿನ ಗೊಡವೆಯೇ ಇಲ್ಲ. ಹಾಗೆಂದು ಕಣ್ಣು ಮುಚ್ಚಿ ಹಳೆಯದನ್ನು ಕೊಳ್ಳಬೇಡಿ, ಬಿಡಿಭಾಗ ಹುಡುಕುವ ತಾಳ್ಮೆ ಇರಬೇಕು.

ನಿಮ್ಮ ಪ್ರಶ್ನೆಯ ಕೆಳಗೆ ಒಬ್ಬರು, ನಾನು ಚಿಕ್ಕ ಗಾಡಿಯಲ್ಲೇ ಎಳೆಸಿದೆ, ಏನೂ ಆಗಲಿಲ್ಲ ಎಂದಿದ್ದಾರೆ. ಅವರೇ ಹೇಳಿದಂತೆ ಅವರದು ಕಾಲು ಎಕರೆ, ಸಮತಟ್ಟು. ಅದನ್ನು ಇಳಿಜಾರಿನವರಿಗೆ ಹೇಳುವುದು ತಪ್ಪು. ಇನ್ನೊಬ್ಬರು ಪಿಕಪ್ ಟ್ರಕ್ ಎಂದಿದ್ದಾರೆ. ಮಣ್ಣು ಗಟ್ಟಿಯಾಗಿದೆ ಎಂದೇ ತಾನೇ ಏರೇಟರ್ ತಂದದ್ದು? ಅದರ ಮೇಲೆ ಎರಡು ಟನ್ ಓಡಿಸಿದರೆ ಏನು ಸಾಧಿಸಿದಂತಾಯಿತು? ನಿಂತಲ್ಲೇ ತಿರುಗುವ ಜೀರೋ ಟರ್ನ್ ಹುಲ್ಲು ಕತ್ತರಿಸುವ ಗಾಡಿ ಕೂಡ ಬೇಡ, ಏರಿನಲ್ಲಿ ಭಾರ ಹಿಂದಕ್ಕೆ ಜಗ್ಗಿದರೆ ಮುಂಭಾಗ ಹಗುರಾಗಿ ಗಾಡಿ ಮಾತು ಕೇಳುವುದಿಲ್ಲ.

ಪಕ್ಕದ ಮನೆಯವರ ಎಟಿವಿ (ಬೈಕಿನಂತೆ ಕೂತು ಓಡಿಸುವ ನಾಲ್ಕು ಚಕ್ರದ ಗಾಡಿ) ಸಿಗುತ್ತದೆ ಎಂದಿದ್ದೀರಲ್ಲ, ಅದು ಒಳ್ಳೆಯದು, ಆದರೆ ಲೋ ಗೇರಿನಲ್ಲಿಯೇ ಓಡಿಸಬೇಕು. ಹೈ ಗೇರಿನಲ್ಲಿ ನಡಿಗೆಯ ವೇಗಕ್ಕೆ ಎಳೆಸಿದರೆ ಒಳಗಿನ ಬೆಲ್ಟ್ ಸುಡುತ್ತದೆ, ಪಕ್ಕದವರ ಸ್ನೇಹವೂ ಹೋಗುತ್ತದೆ. ಹೆಚ್ಚಿನ ಎಟಿವಿಗಳಲ್ಲಿ ಹಿಂದಿನ ಎರಡು ಚಕ್ರ ಒಟ್ಟಿಗೇ ತಿರುಗುವುದರಿಂದ ತಿರುವಿನಲ್ಲಿ ಹುಲ್ಲು ಸಿಗಿಯುತ್ತದೆ, ಅಗಲವಾಗಿ ತಿರುಗಿಸಿ. ಇಬ್ಬರು ಅಕ್ಕಪಕ್ಕ ಕೂರುವ ಸೈಡ್ ಬೈ ಸೈಡ್ ಗಾಡಿ ಕೊಳ್ಳುವ ಯೋಚನೆ ಇದ್ದರೆ ಹಿಂದಿನ ಡಿಫರೆನ್ಷಿಯಲ್ ಬಿಚ್ಚಿಕೊಳ್ಳುವುದನ್ನೇ, ಅಂದರೆ ಹಿಂದಿನ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಬಲ್ಲದ್ದನ್ನೇ ಕೇಳಿ. ಪೊಲಾರಿಸ್ ರೇಂಜರ್‌ನ ಟರ್ಫ್ ಮೋಡ್ ಎಂದರೆ ಅದೇ. ಕವಾಸಾಕಿ ಮ್ಯೂಲ್‌ನಲ್ಲೂ ಇದೆ. ಲಾನ್ ಕೆಲಸಕ್ಕೆ ನನ್ನ ಒಲವು ಮ್ಯೂಲ್ ಕಡೆಗೆ.

ಇನ್ನು ಯಾರೂ ಕೇಳದ, ಆದರೆ ಎಲ್ಲಕ್ಕಿಂತ ಮುಖ್ಯವಾದ ಮಾತು: ಹದ. ಒಣಗಿದ ಜೇಡಿಮಣ್ಣಿಗೆ ಕೊಳವೆ ಇಳಿಯುವುದಿಲ್ಲ, ಇಳಿಯದಿದ್ದರೆ ನಾವು ಬ್ಲಾಕ್ ಹೇರುತ್ತೇವೆ, ಬ್ಲಾಕ್ ಹೇರಿದರೆ ಗಾಡಿ ಸಾಯುತ್ತದೆ. ಒಂದು ಬ್ಲಾಕ್ 30ರಿಂದ 35 ಪೌಂಡ್, ನಾಲ್ಕು ಎಂದರೆ ಒಬ್ಬ ಮನುಷ್ಯನನ್ನು ಕೂರಿಸಿದಂತೆ. ನಾನು ಈಗ ಕೆಲಸಕ್ಕೆ ಎರಡು ದಿನ ಮೊದಲು ಒಂದು ಇಂಚು ನೀರು ಕೊಡುತ್ತೇನೆ, ಸ್ಪ್ರಿಂಕ್ಲರ್ ಕೆಳಗೆ ಖಾಲಿ ಡಬ್ಬಿ ಇಟ್ಟು ಅಳೆಯುತ್ತೇನೆ. ಆ ದಿನ ಬೆಳಿಗ್ಗೆ ಉದ್ದನೆಯ ಸ್ಕ್ರೂಡ್ರೈವರನ್ನು ಅಂಗೈಯಿಂದ ಒತ್ತುತ್ತೇನೆ. ಮೂರು ಇಂಚು ಸಲೀಸಾಗಿ ಇಳಿದರೆ ಆಯಿತು. ಆಮೇಲೆ ಗದ್ದೆಯಲ್ಲಿ ಅಜ್ಜ ಮಾಡುತ್ತಿದ್ದಂತೆ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡುತ್ತೇನೆ: ಉಂಡೆ ಕಟ್ಟಬೇಕು, ಹೆಬ್ಬೆರಳಿನಿಂದ ಒತ್ತಿದರೆ ಒಡೆಯಬೇಕು. ಅಂಟಿಕೊಂಡರೆ ಇನ್ನೊಂದು ದಿನ ಕಾಯುತ್ತೇನೆ, ಇಲ್ಲದಿದ್ದರೆ ಕೊಳವೆಗಳಲ್ಲಿ ಮಣ್ಣು ಮೆತ್ತಿ ಏರೇಟರ್ ಬರೀ ರೋಲರ್ ಆಗುತ್ತದೆ. ಹದ ಸಿಕ್ಕಿದರೆ ಎರಡೇ ಬ್ಲಾಕಿಗೆ ಎರಡೂವರೆ ಇಂಚಿನ ಪ್ಲಗ್ ಬರುತ್ತದೆ. ಕಳೆದ ವರ್ಷ ಒಂದೇ ಸಾಕಾಯಿತು.

ತಿರುಗಿಸುವಾಗ ಪ್ರತಿ ಸಲವೂ ಮೇಲೆತ್ತಿ. ಕೊಳವೆ ನೆಲದಲ್ಲಿರುವಾಗ ತಿರುಗಿಸಿದರೆ ಅದೂ ಬಾಗುತ್ತದೆ, ಹುಲ್ಲೂ ಚಾಪೆಯಂತೆ ಕಿತ್ತು ಬರುತ್ತದೆ. ಸ್ಪ್ರಿಂಕ್ಲರ್ ತಲೆಗಳಿಗೂ ನಾಯಿ ದಾಟದಂತೆ ನೆಲದಲ್ಲಿ ಹೂತ ಬೇಲಿಯ ತಂತಿಗೂ ಮೊದಲೇ ಬಾವುಟ ನೆಡಿ. ಇಂಟರ್ನೆಟ್ ಕೇಬಲ್ ಕೆಲವು ಕಡೆ ಕೆಲವೇ ಇಂಚು ಆಳದಲ್ಲಿರುತ್ತದೆ. ಬ್ಲಾಕ್‌ಗಳನ್ನು ಪಟ್ಟಿಯಿಂದ ಬಿಗಿಯಿರಿ. ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಎಳೆಸಿ. ಹೊರಬಂದ ಮಣ್ಣಿನ ಪ್ಲಗ್‌ಗಳನ್ನು ಗುಡಿಸಬೇಡಿ, ಒಂದೆರಡು ಮಳೆಗೆ ಕರಗುತ್ತವೆ. ಫೆಸ್ಕ್ಯೂ ಹುಲ್ಲಿನ ಬೀಜ ಅದೇ ದಿನ ಎರಚಿದರೆ ತೂತುಗಳೇ ಪಾತಿಯಾಗುತ್ತವೆ. ಅಗ್ಗ ಎಂದು ಮೊಳೆಯಂಥ ಸ್ಪೈಕ್ ಏರೇಟರ್ ತರುವವರಿಗೂ ಹೇಳುತ್ತೇನೆ, ಜೇಡಿಯಲ್ಲಿ ಅದು ತೂತಿನ ಗೋಡೆಯನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ.

ಸೆಪ್ಟೆಂಬರ್ ಪೂರ್ತಿ ಸಮಯವಿದೆ, ಒಂದು ವಾರ ತಡವಾದರೆ ನಷ್ಟವಿಲ್ಲ. ಎಟಿವಿ ಸಿಗದೇ ಹೋದರೆ ನಿಮ್ಮ ಗಾಡಿಯಲ್ಲಿ, ಅದೂ ಕೈಪಿಡಿ ಒಪ್ಪಿದರೆ, ಮುಂದಿನ ಸಮತಟ್ಟು ಮಾತ್ರ ಎಳೆಸಿ, ಇಪ್ಪತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ. ಹೊರಡುವ ಮೊದಲು ಟ್ರಾನ್ಸ್‌ಮಿಷನ್ ಮೇಲಿನ ಫ್ಯಾನಿಗೆ ಅಂಟಿದ ಹುಲ್ಲನ್ನು ಪೂರ್ತಿ ತೆಗೆಯಿರಿ. ಇಳಿಜಾರಿನ ಮಾತು ಹೇಗಿದ್ದರೂ ಬೇರೆ: ಎಷ್ಟು ಕಡಿದು ಎಂದು ನಾನು ನೋಡಿಲ್ಲ. ಅಲ್ಲಿಗೆ ಎಟಿವಿ ಕೂಡ ಇಳಿಯುವಾಗ ಹಿಂದಿನ ಭಾರಕ್ಕೆ ಜಾರಬಹುದು. ಒಂದು ಫೋಟೋ ಹಾಕಿ, ಪಕ್ಕದಿಂದ ತೆಗೆದದ್ದು. ನೋಡಿ ಹೇಳುತ್ತೇನೆ.