ಒಸಡಿನ ಸರ್ಜರಿಗೆ ಹಾಕಿದ ಪ್ಯಾಕ್ ಲ್ಯಾಬಲ್ಲಿ ಜೀವಕೋಶ ಕೊಲ್ಲುತ್ತದಂತೆ, ಕಿತ್ತುಬಿಡಲಾ?

ಬೇಡ ಮಾರಾಯ್ರೆ, ಉಗುರು ಹಾಕಬೇಡಿ. ಸರ್ಜರಿ ಆಗಿ ನಾಲ್ಕೇ ದಿನ ಅಂತೀರಿ. ಆ ಗುಲಾಬಿ ಪ್ಯಾಕ್ ಅಂದರೆ ಗಾಯ ಮುಚ್ಚಲು ಒಸಡಿಗೆ ಮೆತ್ತಿದ ಪೇಸ್ಟ್, ಅದರ ಅಡಿಯಲ್ಲಿ ಹೊಲಿಗೆ ಇದೆ, ಹಸಿ ಗಾಯ ಇದೆ.

ನೀವು ಓದಿದ್ದು ಸುಳ್ಳಲ್ಲ. ಮಂಗಳೂರು ಹತ್ತಿರದ ದೇರಳಕಟ್ಟೆಯ ಒಂದು ಲ್ಯಾಬಲ್ಲಿ ನಾನೇ ಈ ಪರೀಕ್ಷೆ ಮಾಡಿದ್ದೇನೆ. ಪ್ಯಾಕಿನ ಎರಡು ಪೇಸ್ಟ್ ಕಲಸಿ ಪುಟ್ಟ ಬಿಲ್ಲೆ ಮಾಡುತ್ತೇವೆ. ಜೀವಕೋಶ ಬೆಳೆಸುವ ದ್ರಾವಣದಲ್ಲಿ 37 ಡಿಗ್ರಿಯಲ್ಲಿ 24 ಗಂಟೆ ಇಡುತ್ತೇವೆ, ಮೆಂತೆ ನೆನೆಹಾಕಿದ ಹಾಗೆ. ಬಿಲ್ಲೆಯಲ್ಲಿ ಬಿಡುವಂಥದ್ದು ಏನಿದೆಯೋ ಅದೆಲ್ಲ ದ್ರಾವಣಕ್ಕೆ ಇಳಿಯುತ್ತದೆ. ಅದನ್ನು 96 ಗುಳಿಯ ತಟ್ಟೆಯಲ್ಲಿ ಬೆಳೆದ ಕೋಶಗಳ ಮೇಲೆ ಹಾಕುವುದು. ಲ್ಯಾಬಲ್ಲಿ ಬೆಳೆಸುವ ಇಲಿಯ ಎಲ್929 ಎಂಬ ಕೋಶ, ಇಲ್ಲವೇ ಮನುಷ್ಯರ ಒಸಡಿನದ್ದೇ ಫೈಬ್ರೋಬ್ಲಾಸ್ಟ್, ಅಂದರೆ ಅಂಗಾಂಶಕ್ಕೆ ನಾರು ಕಟ್ಟುವ ಕೋಶ. ಮರುದಿನ ಎಂಟಿಟಿ ಎಂಬ ಹಳದಿ ಪುಡಿಯ ದ್ರಾವಣ ಸೇರಿಸುತ್ತೇವೆ. ಬದುಕಿರುವ ಕೋಶ ಅದನ್ನು ನೇರಳೆ ಹರಳು ಮಾಡುತ್ತದೆ, ಸತ್ತದ್ದು ಮಾಡುವುದಿಲ್ಲ. ಒಂದು ಸಾಲು ನೇರಳೆ ಹಣ್ಣಿನ ಬಣ್ಣ, ಪಕ್ಕದ ಸಾಲು ಹಳದಿಯಾಗಿಯೇ ಉಳಿದಿದ್ದರೆ ನೋಡಿದವರಿಗೆ ಎದೆ ಧಸಕ್ಕೆನ್ನುತ್ತದೆ. ಏನೂ ಹಾಕದ ಕೋಶಗಳಿಗೆ ಹೋಲಿಸಿದರೆ ಶೇಕಡಾ 70ಕ್ಕಿಂತ ಕಡಿಮೆ ಉಳಿದರೆ, ಐಎಸ್‌ಒ 10993-5 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಆ ವಸ್ತುವಿಗೆ ಕೋಶ ಕೊಲ್ಲುವ ಗುಣ ಇದೆ ಎಂದರ್ಥ.

(ನಮ್ಮ ಜೂನ್ ತಿಂಗಳ ಥಂಡಿಯಲ್ಲಿ ಕೋಶಗಳನ್ನು ಕೊಂದದ್ದು ಪ್ಯಾಕಿಗಿಂತ ಬೂಷ್ಟೇ ಜಾಸ್ತಿ. ಬೆಳಿಗ್ಗೆ ಬಂದು ನೋಡಿದರೆ ಫ್ಲಾಸ್ಕಿನಲ್ಲಿ ಹತ್ತಿಯ ಉಂಡೆ ತೇಲುತ್ತಿತ್ತು. ಎರಡು ವಾರದ ಕೆಲಸ ಸಿಂಕಿಗೆ.)

ಆದರೆ ತಟ್ಟೆಯ ಕೋಶಕ್ಕೆ ದಿಕ್ಕಿಲ್ಲ. ಒಂದೇ ಪದರ, ಮೇಲೆ ಚರ್ಮ ಇಲ್ಲ, ಹಾಕಿದ ದ್ರಾವಣದಲ್ಲೇ ಇಡೀ ದಿನ ಮುಳುಗಿರಬೇಕು. ನಿಮ್ಮ ಬಾಯಲ್ಲಿ ಎಂಜಲು ಹರಿಯುತ್ತಲೇ ಇರುತ್ತದೆ, ಒಸಡಿಗೆ ರಕ್ತ ಬರುತ್ತದೆ, ಬಿಟ್ಟದ್ದನ್ನು ಒಯ್ಯುತ್ತದೆ. ಅದೇ ದ್ರಾವಣವನ್ನು ತೆಳು ಮಾಡಿ ಹಾಕಿದಾಗ ತಟ್ಟೆಯಲ್ಲೇ ಜಾಸ್ತಿ ಕೋಶ ಉಳಿದದ್ದನ್ನು ನೋಡಿದ್ದೇನೆ. ಯಾವ ಪ್ಯಾಕ್ ಯಾವುದಕ್ಕಿಂತ ಮೆದು ಎಂದು ಹೋಲಿಸಲು ಈ ಪರೀಕ್ಷೆ ಒಳ್ಳೆಯದು. ನಿಮ್ಮ ಗಾಯದ ಕತೆ ಅದಕ್ಕೆ ಗೊತ್ತಿಲ್ಲ, ಅಲ್ವಾ?

ಲವಂಗದ ವಾಸನೆ ಬರುವ ಹಳೇ ಥರದ ಪ್ಯಾಕಲ್ಲಿ ಯೂಜೆನಾಲ್ ಇರುತ್ತದೆ. ಅದು ಜಾಸ್ತಿಯಾದರೆ ಕೋಶಕ್ಕೆ ಕಷ್ಟ, ಕೆಲವರಿಗೆ ಅಲರ್ಜಿಯೂ ಆಗುತ್ತದೆ. ಯೂಜೆನಾಲ್ ಇಲ್ಲದ ಪೇಸ್ಟ್ ಬಂದದ್ದು ಅದಕ್ಕೇ. ನಿಮ್ಮದು ಯಾವುದೆಂದು ಡಾಕ್ಟರಿಗೆ ಒಂದು ಫೋನ್ ಮಾಡಿ ಕೇಳಿ. ಉರಿ, ಊತ, ಕೀವು ಇದ್ದರೆ ಫೋನ್ ಸಾಲದು, ಇವತ್ತೇ ಹೋಗಿ. ಏನೂ ಇಲ್ಲದಿದ್ದರೆ ವಾರ, ಹತ್ತು ದಿನಕ್ಕೆ ಅವರೇ ತೆಗೆಯುತ್ತಾರೆ. ಅಲ್ಲಿಯವರೆಗೆ ಕೋರಿ ರೊಟ್ಟಿ ಬೇಡ, ಆ ಗರಿಗರಿ ಚೂರು ಪ್ಯಾಕನ್ನೇ ಎಬ್ಬಿಸುತ್ತದೆ. ಗಂಜಿ ಉಣ್ಣಿ, ತಣಿಸಿಕೊಂಡು.